ಅರ್ಧ ಸಾಮಾನು ಮಾತ್ರ ದಡ ಸೇರಿದರೆ? ದೂರದ ದ್ವೀಪದಿಂದ ಹ್ಯಾಮ್ ರೇಡಿಯೋ ನಡೆಸುವ ಬಗೆ

ದೂರದ ದ್ವೀಪಕ್ಕೆ ಹೋಗಿ ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೋ) ನಡೆಸಬೇಕು ಅಂತ ಮನಸ್ಸು ಮಾಡಿದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ನೀವು ತಂದ ಸಾಮಾನಿನಲ್ಲಿ ಅರ್ಧ ಮಾತ್ರ ದಡ ಮುಟ್ಟಿತು, ಹತ್ತು ದಿನದ ಬದಲು ನಾಲ್ಕೇ ದಿನ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಆಗ ಏನು ಮಾಡುತ್ತೀರಿ? ಇದಕ್ಕೆ ತಂಡದ ಎಲ್ಲರೂ ಒಂದೇ ಉತ್ತರ ಕೊಟ್ಟರೆ ಹೊರಡಬಹುದು. ಒಬ್ಬೊಬ್ಬರು ಒಂದೊಂದು ಹೇಳಿದರೆ ತಯಾರಿ ಇನ್ನೂ ಮುಗಿದಿಲ್ಲ.

ಹೆದರಿಸಲು ಹೇಳುತ್ತಿಲ್ಲ. ಬೂವೆ ದ್ವೀಪ ಗೊತ್ತಲ್ಲ, ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಹಿಮ ಹೊದ್ದು ಕೂತಿರುವ, ನಾರ್ವೆಗೆ ಸೇರಿದ, ಯಾರೂ ವಾಸ ಇಲ್ಲದ ಜಾಗ. 2018ರಲ್ಲಿ ಒಂದು ದೊಡ್ಡ ತಂಡ ಅದರ ಹತ್ತಿರದವರೆಗೂ ಹಡಗಿನಲ್ಲಿ ಹೋಗಿತ್ತು. ಹವಾಮಾನ ಇಳಿಯಲು ಬಿಡಲಿಲ್ಲ, ಅಷ್ಟರಲ್ಲಿ ಹಡಗಿನ ಎಂಜಿನ್ ಕೈಕೊಟ್ಟಿತು, ದ್ವೀಪದಿಂದ ಒಂದೇ ಒಂದು ಸಂಪರ್ಕವೂ (ಬೇರೆ ಹ್ಯಾಮ್ ಜೊತೆ ರೇಡಿಯೋ ಮಾತುಕತೆ) ಆಗದೆ ಎಲ್ಲರೂ ವಾಪಸ್ ಹೊರಟರು. 2023ರಲ್ಲಿ ಇನ್ನೊಂದು ತಂಡ ಹೋಯಿತು. ಅವರು ಇಳಿದರು, ಆದರೆ ಅಲೆಗಳ ಹೊಡೆತಕ್ಕೆ ಅಂದುಕೊಂಡ ಸಾಮಾನಿನಲ್ಲಿ ಬಹಳಷ್ಟನ್ನು ದಡಕ್ಕೆ ತರಲು ಆಗಲಿಲ್ಲ. ಚಿಕ್ಕ ಕ್ಯಾಂಪ್, ಕಡಿಮೆ ಪವರ್, ಸರಳ ಆಂಟೆನಾ. ಅಷ್ಟರಲ್ಲೇ ಸುಮಾರು 19 ಸಾವಿರ ಸಂಪರ್ಕ ಮಾಡಿ ಬಂದರು. ಇಂಥ ಯಾತ್ರೆಗೆ ಹೊರಡುವವರೆಲ್ಲ ಆ ಎರಡನೇ ತಂಡದ ಹಾಗೆ ಯೋಚಿಸಬೇಕು ಅನ್ನುವುದು ನನ್ನ ಅನಿಸಿಕೆ. ಮುಂದೆ ಹೇಳುವುದೆಲ್ಲ ಆ ಲೆಕ್ಕದಲ್ಲೇ.

ದ್ವೀಪ ಆರಿಸುವುದು, ಅನುಮತಿ ಪಡೆಯುವುದು

ಎಲ್ಲ ದ್ವೀಪಕ್ಕೂ ಒಂದೇ ಬೇಡಿಕೆ ಇರುವುದಿಲ್ಲ. ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ ನಡೆಸುವ ಡಿಎಕ್ಸ್‌ಸಿಸಿ ಅಂದರೆ ಹ್ಯಾಮ್‌ಗಳು ಸಂಪರ್ಕ ಮಾಡಿ ಲೆಕ್ಕ ಇಡುವ ದೇಶ, ದ್ವೀಪಗಳ ಪಟ್ಟಿ. ಅದರಲ್ಲಿ ಈಗ 340 ಜಾಗಗಳಿವೆ. ಅದರಲ್ಲಿ ಹಲವು ಪುಟ್ಟ ದ್ವೀಪಗಳು. ಅಲ್ಲಿಂದ ವರ್ಷಗಟ್ಟಲೆ ಯಾರ ದನಿಯೂ ಕೇಳುವುದಿಲ್ಲ, ಹಾಗಾಗಿ ಇಡೀ ಜಗತ್ತು ಕಾದು ಕೂತಿರುತ್ತದೆ. ಇನ್ನೊಂದು, 1964ರಲ್ಲಿ ಶುರುವಾದ ಐಓಟಿಎ ಕಾರ್ಯಕ್ರಮ. ಇದು ದ್ವೀಪಗಳಿಗೇ ಅಂತ ಇರುವುದು, ಒಂದೊಂದು ದ್ವೀಪ ಗುಂಪಿಗೂ ಒಂದು ನಂಬರ್ ಕೊಟ್ಟಿದೆ. ಮೊದಲ ಸಲ ಹೋಗುವವರು ಐಓಟಿಎ ಪಟ್ಟಿಯಲ್ಲಿರುವ, ದೋಣಿ ಸುಲಭವಾಗಿ ಹೋಗಿ ಬರುವ ದ್ವೀಪವನ್ನೇ ಆರಿಸಿ. ನಾಲ್ಕು ಜನ, ಎರಡು ರೇಡಿಯೋ, ಒಂದು ವಾರ. ಇಷ್ಟರಲ್ಲಿ ಕಲಿಯುವುದು ಎಷ್ಟೋ ಇದೆ.

ಅನುಮತಿ ಅಂದರೆ ಎರಡು ಬೇರೆ ಬೇರೆ ಕಾಗದ, ಜನ ಇದನ್ನೇ ಮರೆಯುತ್ತಾರೆ. ಒಂದು ರೇಡಿಯೋ ಲೈಸೆನ್ಸ್ ಮತ್ತು ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನಿಮ್ಮನ್ನು ಗುರುತಿಸುವ ಹೆಸರು. ಇನ್ನೊಂದು ಆ ನೆಲದ ಮೇಲೆ ಕಾಲಿಡಲು ಅಪ್ಪಣೆ. ಯಾರೂ ವಾಸವಿಲ್ಲದ ದ್ವೀಪಗಳಲ್ಲಿ ಬಹಳಷ್ಟು ವನ್ಯಜೀವಿ ರಕ್ಷಿತ ಜಾಗಗಳು, ಅಲ್ಲಿ ಲೈಸೆನ್ಸ್ ಸಿಕ್ಕರೂ ಇಳಿಯಲು ಬಿಡದೆ ಇರಬಹುದು. ಯುರೋಪಿನ ಸಿಇಪಿಟಿ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಹ್ಯಾಮ್‌ಗಳು ತಮ್ಮ ಲೈಸೆನ್ಸ್‌ನಲ್ಲೇ ಸ್ವಲ್ಪ ಕಾಲ ಕೆಲಸ ಮಾಡಬಹುದು, ಬೇರೆ ಕಡೆ ಅರ್ಜಿ ಹಾಕಿ ಕಾಯಬೇಕು. ಎರಡೂ ಕಾಗದದ ಪ್ರತಿ, ದೋಣಿಯ ದಾಖಲೆ, ದ್ವೀಪದ ಮೇಲೆ ತೆಗೆದ ಫೋಟೋ, ಎಲ್ಲ ಇಟ್ಟುಕೊಳ್ಳಿ. ಆಮೇಲೆ ಡಿಎಕ್ಸ್‌ಸಿಸಿಯವರಿಗೆ ತೋರಿಸಬೇಕಾಗುತ್ತದೆ. ಅವರು ಒಪ್ಪದಿದ್ದರೆ ನೀವು ಮಾಡಿದ ಸಾವಿರಾರು ಸಂಪರ್ಕ ಯಾರ ಲೆಕ್ಕಕ್ಕೂ ಬರುವುದಿಲ್ಲ. ರೇಡಿಯೋ, ಲ್ಯಾಪ್‌ಟಾಪ್, ಆಂಪ್ಲಿಫೈಯರ್‌ಗಳ ಸೀರಿಯಲ್ ನಂಬರ್ ಪಟ್ಟಿಯನ್ನೂ ಮಾಡಿಡಿ, ಕಸ್ಟಮ್ಸ್‌ನಲ್ಲಿ ಅದೇ ಕಾಪಾಡುವುದು.

ಹಕ್ಕಿಗಳ ದ್ವೀಪಕ್ಕೆ ಹೋಗುವಾಗ ಬೂಟಿನ ಅಡಿ, ಬಟ್ಟೆಯ ವೆಲ್ಕ್ರೋ, ಟೆಂಟಿನ ಮಡಿಕೆ ಎಲ್ಲ ಉಜ್ಜಿ ತೊಳೆಯಿರಿ. ಅಲ್ಲಿ ಸಿಕ್ಕಿಕೊಂಡ ಒಂದು ಬೀಜ ಸಾಕು, ಆ ದ್ವೀಪದಲ್ಲಿ ಇಲ್ಲದ ಕಳೆಯನ್ನು ನೀವೇ ನೆಟ್ಟ ಹಾಗೆ. ಆಂಟೆನಾ ಕಟ್ಟುವ ಹಗ್ಗಕ್ಕೆ ಬಣ್ಣದ ಪಟ್ಟಿ ಕಟ್ಟಿ, ಕತ್ತಲಲ್ಲಿ ಹಕ್ಕಿಗಳು ಬಂದು ಬಡಿದುಕೊಳ್ಳುತ್ತವೆ. ಇದರಲ್ಲಿ ಸಡಿಲ ಬಿಡಬೇಡಿ. ಒಂದು ತಂಡ ಗಲೀಜು ಮಾಡಿ ಬಂದರೆ ಮುಂದಿನ ಇಪ್ಪತ್ತು ವರ್ಷ ಇನ್ಯಾರಿಗೂ ಅನುಮತಿ ಸಿಗುವುದಿಲ್ಲ.

ಸಾಮಾನು ಕಟ್ಟುವುದು

ಒಂದೊಂದು ಚೀಲವೂ ತನ್ನಷ್ಟಕ್ಕೆ ಪೂರ್ತಿ ಇರಬೇಕು. ಅಂದರೆ 20 ಮೀಟರ್ ಬ್ಯಾಂಡಿನ (14 ಮೆಗಾಹರ್ಟ್ಸ್ ಸುತ್ತಲಿನ ಫ್ರೀಕ್ವೆನ್ಸಿಗಳು, ಅಲೆಯ ಉದ್ದದಿಂದ ಆ ಹೆಸರು) ಆಂಟೆನಾ ಚೀಲದಲ್ಲಿ ಕಂಬ, ತಂತಿ, ಹಗ್ಗ, ಗೂಟ, ಕೇಬಲ್, ಅಂಟು ಟೇಪು, ಒಂದು ಸ್ಪ್ಯಾನರ್, ಎಲ್ಲ ಅದರೊಳಗೇ. ಕಂಬಗಳೆಲ್ಲ ಒಂದು ಕಡೆ, ಕೇಬಲ್‌ಗಳೆಲ್ಲ ಒಂದು ಕಡೆ ಅಂತ ಕಟ್ಟಿದರೆ ನೋಡಲು ಚೆಂದ, ಆದರೆ ಕೇಬಲ್ ಪೆಟ್ಟಿಗೆ ಹಡಗಿನಲ್ಲೇ ಉಳಿದರೆ ಎಲ್ಲವೂ ನಿಂತಂತೆ. ಮೊದಲ ದೋಣಿಯಲ್ಲಿ ಏನು ಹೋಗಬೇಕು ಅನ್ನುವುದನ್ನು ಮನೆಯಲ್ಲೇ ಗುರುತು ಹಾಕಿ: ಒಂದು ರೇಡಿಯೋ, ಒಂದು ಜನರೇಟರ್, ಒಂದು ದಿನದ ಇಂಧನ, ಎರಡು ಆಂಟೆನಾ ಚೀಲ, ಟೆಂಟು, ಕುಡಿಯುವ ನೀರು, ಔಷಧಿ, ಸ್ಯಾಟಲೈಟ್ ಫೋನು. ಆಮೇಲೆ ಸಮುದ್ರ ಕೆರಳಿ ಎರಡನೇ ದೋಣಿ ಬರದೇ ಹೋದರೂ ನಿಮ್ಮ ರೇಡಿಯೋ ನಡೆಯುತ್ತಿರುತ್ತದೆ.

ಪೆಟ್ಟಿಗೆಗಳು ನೀರು ಹೊಗದವು ಆಗಿರಬೇಕು, ಜೊತೆಗೆ ತೇಲಬೇಕು. ಇಬ್ಬರು ಎತ್ತಿ ಒದ್ದೆ ಬಂಡೆ ಮೇಲೆ ನಡೆಯಲು ಆಗುವಷ್ಟೇ ಭಾರ. ದಪ್ಪ ಕೇಬಲ್ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಆರ್‌ಜಿ-213 ಅನ್ನುವ ದಪ್ಪ ಕೇಬಲ್ ನೂರು ಮೀಟರ್‌ಗೆ ಸುಮಾರು 15 ಕಿಲೋ ತೂಗುತ್ತದೆ. 14 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಉದ್ದಕ್ಕೆ ತೆಳು ಆರ್‌ಜಿ-58 ಹಾಕಿದರೆ ದಾರಿಯಲ್ಲಿ ಕಳೆದುಹೋಗುವುದು ಒಂದೂವರೆ ಡೆಸಿಬೆಲ್ (ಶಕ್ತಿ ಎಷ್ಟು ಏರಿತು, ಇಳಿಯಿತು ಅನ್ನುವ ಅಳತೆ) ಆಸುಪಾಸು, ದಪ್ಪದ್ದರಲ್ಲಿ ಅದರ ಅರ್ಧ. ಆ ಮುಕ್ಕಾಲು ಡೆಸಿಬೆಲ್ ಉಳಿಸಲು ಬೆನ್ನು ಮುರಿದುಕೊಳ್ಳಬೇಕಾ? ಕೆಳಗಿನ ಬ್ಯಾಂಡುಗಳಿಗೆ ತೆಳುವೇ ಸಾಕು, ಆಂಪ್ಲಿಫೈಯರ್ ಹಾಕುವಲ್ಲಿ ಮತ್ತು 28 ಮೆಗಾಹರ್ಟ್ಸ್‌ನಲ್ಲಿ ಮಾತ್ರ ದಪ್ಪದ್ದು ಒಯ್ಯಿರಿ.

ಹೊರಡುವ ಎರಡು ತಿಂಗಳು ಮುಂಚೆ ಇಡೀ ಸ್ಟೇಷನ್ನನ್ನು ಒಂದು ಬಯಲಿನಲ್ಲಿ ನಿಲ್ಲಿಸಿ ಎರಡು ದಿನ ನಡೆಸಿ. ಅದೇ ಟೆಂಟು, ಅದೇ ಜನರೇಟರು, ಅದೇ ಜನ. ಮನೆಗೆ ಓಡಿ ಏನಾದರೂ ತರಲೇಬೇಕಾಯಿತು ಅಂದರೆ ಅದನ್ನು ಬರೆದುಕೊಳ್ಳಿ, ಅದೇ ನಿಮ್ಮ ಪಟ್ಟಿಯಲ್ಲಿ ತಪ್ಪಿದ್ದು.

ನೀರಿನ ಅಂಚೇ ನಿಮ್ಮ ಆಂಪ್ಲಿಫೈಯರ್

ದ್ವೀಪಕ್ಕೆ ಹೋಗುವವರಿಗೆ ಪ್ರಕೃತಿ ಒಂದು ದೊಡ್ಡ ಉಡುಗೊರೆ ಇಟ್ಟಿದೆ, ಉಪ್ಪು ನೀರು. ಸಾಧಾರಣ ಮಣ್ಣಿಗಿಂತ ಸಮುದ್ರದ ನೀರು ಸುಮಾರು ಸಾವಿರ ಪಟ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ನೆಟ್ಟಗೆ ನಿಂತ ಆಂಟೆನಾದಿಂದ ಹೊರಟ ಅಲೆ ಒಣ ಮಣ್ಣಿನ ಮೇಲೆ ಹೋದರೆ, ದಿಗಂತಕ್ಕೆ ಹತ್ತಿರದ ಕೋನದಲ್ಲಿ ಅದರ ಬಹುಪಾಲನ್ನು ನೆಲವೇ ನುಂಗಿಬಿಡುತ್ತದೆ. ಸಮುದ್ರದ ಮೇಲೆ ಹಾಗಾಗುವುದಿಲ್ಲ. ಐದು ಹತ್ತು ಡಿಗ್ರಿಯಷ್ಟು ತಗ್ಗಿನ ಕೋನದಲ್ಲೂ ಶಕ್ತಿ ಉಳಿಯುತ್ತದೆ. ಹತ್ತು ಸಾವಿರ ಕಿಲೋಮೀಟರ್ ದೂರ ಮುಟ್ಟಲು ಬೇಕಾದದ್ದು ಅದೇ ಕೋನ. 100 ವ್ಯಾಟ್‌ನಿಂದ 500 ವ್ಯಾಟ್‌ಗೆ ಏರಿದರೆ ಸಿಗುವುದು 7 ಡೆಸಿಬೆಲ್, ಅದಕ್ಕೆ ಆಂಪ್ಲಿಫೈಯರ್, ದೊಡ್ಡ ಜನರೇಟರು, ಎರಡರಷ್ಟು ಇಂಧನ ಹೊರಬೇಕು. ಒಳಗೆಲ್ಲೋ ಮರಳ ಮೇಲೆ ನಿಲ್ಲಿಸಿದ ಆಂಟೆನಾವನ್ನು ನೀರಿನ ಅಂಚಿಗೆ ಒಯ್ದರೆ ತಗ್ಗಿನ ಕೋನದಲ್ಲಿ ಹೆಚ್ಚುಕಡಿಮೆ ಅಷ್ಟೇ ಲಾಭ, ಅದೂ ಪುಕ್ಕಟೆಯಾಗಿ ಸಿಗುತ್ತದೆ!

ಇಲ್ಲಿ ಬೇಕಾದದ್ದು ಸರಳ. ಉದ್ದ ಮಾಡಿ ನಿಲ್ಲಿಸುವ ಫೈಬರ್ ಕಂಬ, ಅದರಗುಂಟ ತಂತಿ. 14 ಮೆಗಾಹರ್ಟ್ಸ್‌ಗೆ ಕಾಲು ಅಲೆ ಅಂದರೆ ಸುಮಾರು 5 ಮೀಟರ್, 7 ಮೆಗಾಹರ್ಟ್ಸ್‌ಗೆ ಸುಮಾರು 10. ಬುಡವನ್ನು ನೆಲದಿಂದ ಸ್ವಲ್ಪ ಎತ್ತಿ, ಎರಡು ರೇಡಿಯಲ್ (ಬುಡದಿಂದ ಅಡ್ಡಕ್ಕೆ ಹೋಗುವ) ತಂತಿಗಳನ್ನು ಎದುರುಬದುರು ಎಳೆಯಿರಿ, ಅವೂ ಕಾಲು ಅಲೆ ಉದ್ದ. ಅಷ್ಟೇ. ಸ್ವಲ್ಪ ಜಾಸ್ತಿ ಬೇಕು ಅಂದರೆ ಎರಡು ನೆಟ್ಟನೆಯ ಡೈಪೋಲ್‌ಗಳನ್ನು (ಅರ್ಧ ಅಲೆ ಉದ್ದದ ತಂತಿ ಆಂಟೆನಾ) ಒಂದೇ ಕಂಬಕ್ಕೆ ಹಗ್ಗದ ಅಡ್ಡಕೋಲಿನಿಂದ ತೂಗುಹಾಕಿ, ಒಂದಕ್ಕೆ ಕೇಬಲ್ ಕೊಟ್ಟು ಇನ್ನೊಂದನ್ನು ಪ್ರತಿಫಲಕ ಮಾಡುವ ಪದ್ಧತಿ ಇದೆ. 20 ಮೀಟರ್ ಬ್ಯಾಂಡಿಗೆ 12 ಮೀಟರ್ ಕಂಬ ಸಾಕಾಗುತ್ತದೆ. ಒಂದು ದಿಕ್ಕಿಗೆ ಬಲ ಕೊಡುತ್ತದೆ, ಗಾಳಿಗೆ ಬಿದ್ದರೂ ಹತ್ತು ನಿಮಿಷದಲ್ಲಿ ಮತ್ತೆ ನಿಲ್ಲಿಸಬಹುದು. ಯಾಗಿ ಆಂಟೆನಾ (ಹಳೆಯ ಟಿವಿ ಆಂಟೆನಾದಂತೆ ಸಾಲು ಅಡ್ಡಕೋಲುಗಳದ್ದು) ಒಯ್ದು ಅದಕ್ಕೆ ಹತ್ತು ಮೀಟರ್ ಮಾಸ್ಟ್ ಎಬ್ಬಿಸಿ, ಅದಕ್ಕೆ ಒಂದು ಇಡೀ ದಿನ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ಅಂಚು ಅಂದರೆ ಯಾವ ಅಂಚು? ಭರತದ ನೀರು ಎಲ್ಲಿಯವರೆಗೆ ಏರುತ್ತದೆ ಅಂತ ಮೊದಲ ದಿನವೇ ಗುರುತು ಮಾಡಿ, ಅದರ ಮಗ್ಗುಲಿಗೇ ದಡದ ಕಡೆ ಕಂಬ ನಿಲ್ಲಿಸಿ. ನೀರು ಏರಿಳಿದಾಗ ಟ್ಯೂನಿಂಗ್ ಸ್ವಲ್ಪ ಆಚೀಚೆ ಆಗುತ್ತದೆ, ಗಾಬರಿ ಬೇಡ. ಕ್ಯಾಂಪ್ ಯಾವ ತೀರದಲ್ಲಿ ಅನ್ನುವುದು ಇನ್ನೂ ಮುಖ್ಯ. ಹ್ಯಾಮ್‌ಗಳು ಜಾಸ್ತಿ ಇರುವುದು ಯುರೋಪು, ಉತ್ತರ ಅಮೆರಿಕ ಮತ್ತು ಜಪಾನಿನಲ್ಲಿ. ಇವುಗಳಲ್ಲಿ ನಿಮಗೆ ಅತ್ಯಂತ ಕಷ್ಟದ ದಿಕ್ಕು ಯಾವುದು ನೋಡಿ, ಆ ಕಡೆಗೆ ಬರೀ ನೀರೇ ಕಾಣುವ ತೀರ ಹಿಡಿಯಿರಿ. ಬೆನ್ನ ಹಿಂದೆ ಗುಡ್ಡ ಇದ್ದರೆ ಇರಲಿ, ಮುಂದೆ ಇರಬಾರದು.

ಕನೆಕ್ಟರ್‌ಗಳಿಗೆಲ್ಲ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು ಸುತ್ತಿ. ಉಪ್ಪಿನ ಗಾಳಿ ಮೂರೇ ದಿನದಲ್ಲಿ ಒಳಗೆ ಹೊಕ್ಕು ಹಸಿರು ಹಿಡಿಸುತ್ತದೆ.

ಕರೆಂಟು ಮತ್ತು ಒಬ್ಬರ ಸದ್ದು ಇನ್ನೊಬ್ಬರಿಗೆ

ಒಂದು ದೊಡ್ಡ ಜನರೇಟರ್ ಬದಲು ಎರಡು ಮೂರು ಚಿಕ್ಕ ಇನ್ವರ್ಟರ್ ಜನರೇಟರ್ ಒಯ್ಯಿರಿ. ಒಂದು ಕೆಟ್ಟರೂ ಉಳಿದವು ಇರುತ್ತವೆ. 100 ವ್ಯಾಟ್‌ನ ರೇಡಿಯೋ ಕಳಿಸುವಾಗ 13.8 ವೋಲ್ಟ್‌ನಲ್ಲಿ 20 ಆಂಪಿಯರ್‌ಗೂ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಇದನ್ನು ಕಾಗದದ ಲೆಕ್ಕಕ್ಕೆ ಬಿಡದೆ ಬಯಲಿನ ಅಭ್ಯಾಸದಲ್ಲಿ ಇಪ್ಪತ್ತನಾಲ್ಕು ಗಂಟೆಗೆ ಎಷ್ಟು ಲೀಟರ್ ಕುಡಿಯಿತು ಅಂತ ಅಳೆದು, ದಿನಗಳಿಂದ ಗುಣಿಸಿ, ಅದರ ಮೇಲೆ ಮೂರನೇ ಒಂದು ಭಾಗ ಸೇರಿಸಿ. ಜನರೇಟರ್ ಬಿಸಿ ಇರುವಾಗ ಇಂಧನ ಸುರಿಯಬೇಡಿ, ಆರಲು ಬಿಡಿ. ಅಲ್ಲಿ ಬೆಂಕಿ ಹತ್ತಿದರೆ ನಂದಿಸಲು ಬರುವವರು ಯಾರೂ ಇಲ್ಲ. ಎಂಜಿನ್ ಆಯಿಲ್ ಮತ್ತು ಸ್ಪಾರ್ಕ್ ಪ್ಲಗ್ ಎರಡನ್ನೂ ಬದಲಿಗೆ ಇಟ್ಟುಕೊಂಡಿರಿ.

ಎರಡು ರೇಡಿಯೋ ಪಕ್ಕಪಕ್ಕ ನಡೆದರೆ ಒಂದು ಕಳಿಸುವಾಗ ಇನ್ನೊಂದು ಕಿವುಡಾಗುತ್ತದೆ. ಇದಕ್ಕೆ ತನ್ನ ಬ್ಯಾಂಡನ್ನು ಮಾತ್ರ ಹಾದುಹೋಗಲು ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಬೇಕೇ ಬೇಕು, ರೇಡಿಯೋ ಒಂದಕ್ಕೆ ಒಂದು ಸೆಟ್. ತೂಕ ಉಳಿಸಲು ಏನು ಬಿಟ್ಟರೂ ಇದನ್ನು ಬಿಡಬೇಡಿ. ಆಂಟೆನಾಗಳ ನಡುವೆ ಆದಷ್ಟು ದೂರ ಇರಲಿ, ಒಂದೇ ಬ್ಯಾಂಡಿನಲ್ಲಿ ಮೋರ್ಸ್ ಮತ್ತು ಮಾತು ಎರಡೂ ಒಟ್ಟಿಗೆ ನಡೆಸುವ ಆಸೆ ಚಿಕ್ಕ ತಂಡಕ್ಕೆ ಬೇಡ.

ಪೈಲಪ್ ನಡೆಸುವುದು

ಈಗ ಬಂದಿತು ನಿಜವಾದ ಕೆಲಸ. ನೀವು ಒಮ್ಮೆ ಕರೆದ ಕೂಡಲೇ ನೂರಾರು ಜನ ಒಟ್ಟಿಗೆ ಕೂಗುತ್ತಾರೆ, ಆ ಗದ್ದಲವೇ ಪೈಲಪ್. ನೀವು ಕಳಿಸುವ ಫ್ರೀಕ್ವೆನ್ಸಿಯಲ್ಲೇ ಅವರೂ ಕೂಗಿದರೆ ಯಾರಿಗೂ ಏನೂ ಕೇಳುವುದಿಲ್ಲ, ಅದಕ್ಕೇ ಸ್ಪ್ಲಿಟ್. ಒಂದು ಕಡೆ ಕಳಿಸಿ, ಇನ್ನೊಂದು ಕಡೆ ಕೇಳಿ. ಮೋರ್ಸ್ ಆದರೆ ಒಂದು ಎರಡು ಕಿಲೋಹರ್ಟ್ಸ್ ಮೇಲಿನಿಂದ, ಮಾತಾದರೆ ಐದರಿಂದ ಹತ್ತು ಕಿಲೋಹರ್ಟ್ಸ್ ಮೇಲೆ. ಅದಕ್ಕಿಂತ ಅಗಲಕ್ಕೆ ಹರಡಿದರೆ ನಿಮಗೆ ಕೇಳುವುದು ಸುಲಭ ನಿಜ, ಆದರೆ ಅದೇ ಬ್ಯಾಂಡಿನಲ್ಲಿ ಬೇರೆಯವರಿಗೆ ಜಾಗ ಇಲ್ಲದ ಹಾಗೆ ಆಗುತ್ತದೆ.

ಲಯ ಬಹಳ ಮುಖ್ಯ. ಅರ್ಧ ಕಾಲ್‌ಸೈನ್ ಕೇಳಿದರೆ ಆ ಅರ್ಧವನ್ನೇ ಹಿಡಿದು ಪೂರ್ತಿ ಮಾಡಿಸಿಕೊಳ್ಳಿ. ನಡುವೆ ಇನ್ನೊಬ್ಬ ಎಷ್ಟೇ ಜೋರಾಗಿ ನುಗ್ಗಿದರೂ ಅವನಿಗೆ ಉತ್ತರ ಕೊಡಬೇಡಿ. ಒಮ್ಮೆ ಕೊಟ್ಟಿರೋ, ಗದ್ದಲ ಮಾಡಿದವನಿಗೇ ಸಿಗುತ್ತದೆ ಅಂತ ಎಲ್ಲರಿಗೂ ಪಾಠ ಆಗುತ್ತದೆ, ಆಮೇಲೆ ಪೈಲಪ್ ನಿಮ್ಮ ಕೈ ತಪ್ಪುತ್ತದೆ. ಅವರ ಪೂರ್ತಿ ಕಾಲ್‌ಸೈನ್ ತಿರುಗಿ ಹೇಳಿ, ಆಗ ಅವರಿಗೆ ತಾವು ಲಾಗ್‌ನಲ್ಲಿ (ಸಂಪರ್ಕಗಳ ದಾಖಲೆಯಲ್ಲಿ) ಸರಿಯಾಗಿ ಇದ್ದೇವೆ ಅನ್ನುವುದು ಗೊತ್ತಾಗುತ್ತದೆ, ಮತ್ತೆ ಮತ್ತೆ ಕರೆಯುವುದಿಲ್ಲ. ನಿಮ್ಮ ಕಾಲ್‌ಸೈನ್ ನಿಮಿಷಕ್ಕೊಮ್ಮೆಯಾದರೂ ಹೇಳಿ. ಇದನ್ನು ಹೇಳದೆ ಓಡಿದರೆ ವೇಗ ಹೆಚ್ಚುತ್ತದೆ ಅಂತ ಕೆಲವರ ನಂಬಿಕೆ. ಆಗುವುದು ಉಲ್ಟಾ. ಯಾರು ಅಂತ ಗೊತ್ತಾಗದ ನೂರು ಜನ ನಿಮ್ಮ ಫ್ರೀಕ್ವೆನ್ಸಿ ಮೇಲೆಯೇ ಬಂದು "ಯಾರು, ಯಾರು" ಅಂತ ಕೇಳಲು ಶುರು ಮಾಡುತ್ತಾರೆ.

ಬೇಕೆಂದೇ ಅಡ್ಡಿ ಮಾಡುವವರೂ ಇರುತ್ತಾರೆ. ಅವರ ಬಗ್ಗೆ ಗಾಳಿಯಲ್ಲಿ ಒಂದೇ ಒಂದು ಮಾತೂ ಆಡಬೇಡಿ. ಒಂದೆರಡು ಕಿಲೋಹರ್ಟ್ಸ್ ಸರಿದು ಕೆಲಸ ಮುಂದುವರಿಸಿ.

ನನಗೆ ತುಂಬಾ ಮುಖ್ಯ ಅನಿಸುವ ಒಂದು ಮಾತು ಇಲ್ಲಿದೆ. ಜೋರಾದ ಸ್ಟೇಷನ್‌ಗಳು ಮೊದಲ ಎರಡು ದಿನದಲ್ಲೇ ಲಾಗ್‌ಗೆ ಬಂದುಬಿಡುತ್ತವೆ, ಅವರಿಗೆ ನೀವು ಏನೂ ವಿಶೇಷ ಮಾಡಬೇಕಾಗಿಲ್ಲ. ಆದರೆ ಎಲ್ಲೋ ಬಾಲ್ಕನಿಯಲ್ಲಿ ಒಂದು ತುಂಡು ತಂತಿ ಕಟ್ಟಿಕೊಂಡು, ನಿಮ್ಮ ದ್ವೀಪಕ್ಕೆ ವರ್ಷಗಳಿಂದ ಕಾಯುತ್ತಿರುವವರಿಗೆ ನಿಮ್ಮ ದಿಕ್ಕು ತೆರೆಯುವುದು ದಿನಕ್ಕೆ ಒಂದೇ ಗಂಟೆ ಇರಬಹುದು. ಆ ಗಂಟೆ ಯಾವುದು ಅಂತ ಹೋಗುವ ಮುಂಚೆಯೇ ಅಲೆ ಯಾವ ಹೊತ್ತಿಗೆ ಎಲ್ಲಿಗೆ ಮುಟ್ಟುತ್ತದೆ ಅಂತ ಅಂದಾಜು ಹೇಳುವ ವೋಕ್ಯಾಪ್‌ನಂಥ ತಂತ್ರಾಂಶದಲ್ಲಿ ನೋಡಿ, ಬ್ಯಾಂಡು ಮತ್ತು ಗಂಟೆಯ ಪಟ್ಟಿ ಮಾಡಿ ಟೆಂಟಿನಲ್ಲಿ ಅಂಟಿಸಿ. ಸೂರ್ಯ ಹುಟ್ಟುವ ಮುಳುಗುವ ಹೊತ್ತಿಗೆ 40, 80, 160 ಮೀಟರ್ ಬ್ಯಾಂಡುಗಳು ಕೆಲವೇ ನಿಮಿಷ ದೂರಕ್ಕೆ ತೆರೆಯುತ್ತವೆ, ಆ ಹೊತ್ತಿಗೆ ಊಟಕ್ಕೆ ಎದ್ದು ಹೋಗಬೇಡಿ. ಕಷ್ಟದ ದಿಕ್ಕು ತೆರೆದಾಗ ಆ ಖಂಡದವರು ಮಾತ್ರ ಕರೆಯಿರಿ ಅಂತ ಹೇಳಿ, ಉಳಿದವರಿಗೆ ಕಾಯಲು ಹೇಳಿ. ಗಂಟೆಗೆ ನೂರೈವತ್ತು ಇದ್ದ ಲೆಕ್ಕ ನಲವತ್ತಕ್ಕೆ ಇಳಿಯಬಹುದು. ಇಳಿಯಲಿ ಬಿಡಿ.

ಕಂಪ್ಯೂಟರಿನಿಂದ ಪುಟ್ಟ ಸಂದೇಶ ಕಳಿಸುವ ಎಫ್‌ಟಿ8 ವಿಧಾನ ಇಂಥ ಚಿಕ್ಕ ಸ್ಟೇಷನ್‌ಗಳಿಗೆ ವರ. ಡಬ್ಲ್ಯೂಎಸ್‌ಜೆಟಿ-ಎಕ್ಸ್ ತಂತ್ರಾಂಶದ ಫಾಕ್ಸ್ ಮತ್ತು ಹೌಂಡ್ ವಿಧಾನದಲ್ಲಿ ಏಕಕಾಲಕ್ಕೆ ಐದು ಜನರಿಗೆ ಉತ್ತರ ಕೊಡಬಹುದು. ಆದರೆ ಕಳಿಸುವ ಶಕ್ತಿ ಆ ಐದರಲ್ಲಿ ಹಂಚಿಹೋಗುತ್ತದೆ, ಹಾಗಾಗಿ ದಿಕ್ಕು ಕಷ್ಟ ಇರುವಾಗ ಎರಡಕ್ಕೋ ಒಂದಕ್ಕೋ ಇಳಿಸಿ. ಎಲ್ಲರೂ ಬಳಸುವ ಮಾಮೂಲಿ ಎಫ್‌ಟಿ8 ಫ್ರೀಕ್ವೆನ್ಸಿಯಲ್ಲಿ ಇದನ್ನು ಮಾಡಬಾರದು, ಬೇರೆ ಜಾಗ ಆರಿಸಿ ಮುಂಚೆಯೇ ತಿಳಿಸಿ. ಒಂದು ಯುಎಸ್‌ಬಿ ಜಿಪಿಎಸ್ ಮರೆಯಬೇಡಿ. ಎಫ್‌ಟಿ8 ಹದಿನೈದು ಸೆಕೆಂಡಿನ ಸರದಿಯಲ್ಲಿ ನಡೆಯುತ್ತದೆ, ಇಂಟರ್ನೆಟ್ ಇಲ್ಲದ ಕಡೆ ಲ್ಯಾಪ್‌ಟಾಪ್ ಗಡಿಯಾರ ಒಂದೆರಡು ಸೆಕೆಂಡು ಜಾರಿದರೂ ಯಾರನ್ನೂ ಬಿಡಿಸಿ ಓದಲು ಆಗುವುದಿಲ್ಲ.

ಲಾಗ್

ಗಡಿಯಾರದ ಮಾತು ಬಂದಿದ್ದಕ್ಕೆ ಇದೂ ಹೇಳಿಬಿಡುತ್ತೇನೆ. ನಮ್ಮ ಒಂದು ಯಾತ್ರೆಯಲ್ಲಿ ಎರಡನೇ ಲ್ಯಾಪ್‌ಟಾಪ್ ಒಂದು ರಾತ್ರಿಯಿಡೀ ಯುಟಿಸಿ (ಹ್ಯಾಮ್‌ಗಳು ಲಾಗ್‌ಗೆ ಬಳಸುವ ಜಾಗತಿಕ ಸಮಯ) ಬದಲು ಸ್ಥಳೀಯ ಸಮಯದಲ್ಲಿ ಬರೆದುಕೊಂಡಿತ್ತು. ಸಂಪರ್ಕಗಳನ್ನು ತಾಳೆ ನೋಡುವ ಎಆರ್‌ಆರ್‌ಎಲ್‌ನ ಆನ್‌ಲೈನ್ ದಾಖಲೆ ಲಾಗ್‌ಬುಕ್ ಆಫ್ ದ ವರ್ಲ್ಡ್‌ನಲ್ಲಿ ಎರಡೂ ಕಡೆಯ ಸಮಯ 30 ನಿಮಿಷದ ಒಳಗೆ ಹೊಂದಬೇಕು, ಇಲ್ಲದಿದ್ದರೆ ಸಂಪರ್ಕ ಸೇರುವುದೇ ಇಲ್ಲ. ಆ ರಾತ್ರಿಯ ಲಾಗ್ ಸರಿಪಡಿಸಲು ವಾರ ಹಿಡಿಯಿತು. ಈಗ ಪ್ರತಿ ಪಾಳಿ ಬದಲಾದಾಗಲೂ ಹೊಸಬರು ಮೊದಲು ಯುಟಿಸಿ ಸಮಯ, ಬ್ಯಾಂಡು, ತಮ್ಮ ಹೆಸರು, ಮೂರನ್ನೂ ಜೋರಾಗಿ ಓದಿ ಕೂರುತ್ತಾರೆ. ದಿನಕ್ಕೆ ಎರಡು ಸಲ ಲಾಗ್ ಅನ್ನು ಎರಡು ಪೆನ್‌ಡ್ರೈವ್‌ಗೆ ನಕಲು ಮಾಡಿ, ಒಂದು ಟೆಂಟಿನಲ್ಲಿ, ಇನ್ನೊಂದು ಒಬ್ಬರ ಜೇಬಿನಲ್ಲಿ. ಸ್ಯಾಟಲೈಟ್ ಸಂಪರ್ಕ ಇದ್ದರೆ ದಿನಕ್ಕೊಮ್ಮೆ ಕ್ಲಬ್ ಲಾಗ್ ಅನ್ನುವ ವೆಬ್‌ಸೈಟಿಗೆ ಹಾಕಿ. ತಾವು ಲಾಗ್‌ನಲ್ಲಿ ಇರುವುದು ಕಣ್ಣಿಗೆ ಕಂಡರೆ ಜನ ಅನುಮಾನಕ್ಕೆ ಅಂತ ಎರಡನೇ ಸಲ ಕರೆಯುವುದಿಲ್ಲ, ಆ ಜಾಗ ಹೊಸಬರಿಗೆ ಸಿಗುತ್ತದೆ.

ಜನ, ನಿದ್ದೆ, ಜೀವ

ಪಾಳಿ ಮೂರು ನಾಲ್ಕು ಗಂಟೆ ಸಾಕು. ಐದನೇ ಗಂಟೆಯಲ್ಲಿ ಕಿವಿ ಸುಳ್ಳು ಹೇಳಲು ಶುರು ಮಾಡುತ್ತದೆ, ತಪ್ಪು ಕಾಲ್‌ಸೈನ್ ಲಾಗ್‌ಗೆ ಹೋಗುತ್ತದೆ. ತಂಡಕ್ಕೆ ಆರಿಸುವಾಗ ವೇಗದ ಆಪರೇಟರ್‌ಗಿಂತ ನಿದ್ದೆಗೆಟ್ಟಾಗಲೂ ಸಿಡುಕದವರನ್ನು ಆರಿಸಿ. ವೈದ್ಯರೊಬ್ಬರು ಇದ್ದರೆ ಬಹಳ ಒಳ್ಳೆಯದು. ತುರ್ತು ಸ್ಥಾನ ತಿಳಿಸುವ 406 ಮೆಗಾಹರ್ಟ್ಸ್ ಬೀಕನ್, ರೋಗಿಯನ್ನು ಸಾಗಿಸುವ ವಿಮೆ, ಎರಡು ದಿನಕ್ಕೆ ಜಾಸ್ತಿ ನೀರು ಇರಲೇಬೇಕು. ಇಳಿಯುವುದೋ ಬೇಡವೋ ಅನ್ನುವ ಕೊನೆಯ ಮಾತು ದೋಣಿಯ ಕ್ಯಾಪ್ಟನ್‌ದು, ಇದನ್ನು ಹೊರಡುವ ಮುಂಚೆ ಎಲ್ಲರೂ ಒಪ್ಪಿರಬೇಕು.

ನಿಮ್ಮ ರೇಡಿಯೋ ಯಾವಾಗ ಬೇರೆ ಕೆಲಸಕ್ಕೆ ಬೇಕಾದೀತು ಅನ್ನುವುದೂ ಹೇಳಲಾಗದು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನಿಂದ ವಿಯು4ಆರ್‌ಬಿಐ ಕಾಲ್‌ಸೈನ್‌ನಲ್ಲಿ ಜಗತ್ತಿನ ಜೊತೆ ಮಾತಾಡುತ್ತಿತ್ತು. 26ರ ಬೆಳಗ್ಗೆ ಸುನಾಮಿ ಬಂದಿತು. ಫೋನುಗಳು ಸತ್ತವು, ಆ ಯಾತ್ರೆಯ ರೇಡಿಯೋಗಳೇ ಸುದ್ದಿ ಸಾಗಿಸುವ ದಾರಿ ಆದವು. ಸುಮ್ನೆ ನೆನಪಿಗೆ ಅಂತ ಹೇಳಿದ್ದಲ್ಲ, ಬ್ಯಾಟರಿಯಲ್ಲೇ ನಡೆಯುವ ಒಂದು ರೇಡಿಯೋ ಮತ್ತು ಎತ್ತರದ ಜಾಗದಲ್ಲಿ ಬೇಗ ಕಟ್ಟಬಹುದಾದ ಒಂದು ತಂತಿ ಯಾವಾಗಲೂ ಬೇರೆ ಚೀಲದಲ್ಲಿ ಸಿದ್ಧ ಇರಲಿ.

ಬಿಚ್ಚಿ ಬರುವುದು

ಹೊರಡುವ ಹಿಂದಿನ ದಿನ ಬೆಳಕಿನಲ್ಲೇ ಬಿಚ್ಚಲು ಶುರು ಮಾಡಿ, ಒಂದು ರೇಡಿಯೋ ಮತ್ತು 40 ಮೀಟರ್ ಆಂಟೆನಾ ಮಾತ್ರ ಕೊನೆಯವರೆಗೆ ಇರಲಿ. ಗೂಟ, ಟೇಪಿನ ಚೂರು, ತಂತಿಯ ತುಂಡು, ಎಲ್ಲ ಎಣಿಸಿ ತನ್ನಿ. ಮನೆಗೆ ಬಂದ ದಿನವೇ ಕೇಬಲ್ ಮತ್ತು ಕಂಬಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ.

ಆಮೇಲೆ ಪತ್ರಗಳು ಬರುತ್ತವೆ. "ನಾನು ಲಾಗ್‌ನಲ್ಲಿ ಇಲ್ಲ, ನೋಡುತ್ತೀರಾ" ಅಂತ. ಕೇಳಿದವರಿಗೆಲ್ಲ ಸುಮ್ನೆ ಸೇರಿಸಿಬಿಡಬೇಡಿ, ಆದರೆ ಒಂದೊಂದನ್ನೂ ತೆರೆದು ನೋಡಿ. ಅವರು ಹೇಳಿದ ಸಮಯದ ಹಿಂದೆ ಮುಂದೆ ಐದು ನಿಮಿಷದ ಲಾಗ್ ತೆಗೆಯಿರಿ. ಒಂದು ಅಕ್ಷರ ತಪ್ಪಿದ ಕಾಲ್‌ಸೈನ್ ಅಲ್ಲಿ ಕೂತಿರುತ್ತದೆ, ಎಷ್ಟೋ ಸಲ ಮೋರ್ಸ್‌ನಲ್ಲಿ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ಅದನ್ನು ತಿದ್ದಿ, ಅವರಿಗೆ ಸಂಪರ್ಕ ಆಗಿದೆ ಅಂತ ಖಚಿತಪಡಿಸುವ ಕಾರ್ಡ್ ಕಳಿಸಿ.